ಗೋಡೆಯೊಳಗಿನ ಗೆದ್ದಲನ್ನು ಪತ್ತೆಹಚ್ಚುವುದು ಹೇಗೆ?

ನಮ್ಮ ನಾಡಿನಲ್ಲಿ ಗೆದ್ದಲಿನ ಕೆಲಸವನ್ನು ಕಾಣದವರಿಲ್ಲ; ಕೆಲಸದಲ್ಲಿ ತೊಡಗಿರುವ ಗೆದ್ದಲನ್ನು ಕಂಡವರು ಮಾತ್ರ ಕಡಮೆ. ಹೊಲದ ಬದುವಿನ ಹುತ್ತ, ಬೇಲಿಯ ಗೂಟಕ್ಕೆ ಮೆತ್ತಿದ ಮಣ್ಣು, ಅಟ್ಟದಲ್ಲಿ ಮರೆತಿದ್ದ ಪುಸ್ತಕದ ಕಟ್ಟಿನಲ್ಲಿ ಕೊನೆಗೆ ಉಳಿದ ರಟ್ಟು, ಇವೆಲ್ಲ ನಮಗೆ ಪರಿಚಿತವೇ. ಆದರೆ ಇವು ಕಣ್ಣಿಗೆ ಬೀಳುವ ಹೊತ್ತಿಗೆ ಆಗಬೇಕಾದ ನಷ್ಟ ಆಗಿಹೋಗಿರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರೇವುಪಟ್ಟಣವಾದ ಲಾ ರೋಶೆಲ್‌ನ ಸರಕಾರಿ ದಫ್ತರಖಾನೆಗೆ ಗೆದ್ದಲು ಹಿಡಿಯಿತು. ಕಾಗದದ ಕಟ್ಟುಗಳು ಹೊರಗಿನಿಂದ ಸರಿಯಾಗಿಯೇ ಕಾಣುತ್ತಿದ್ದವು. ಮೇಲಿನ ಹಾಳೆಗಳು ನೆಟ್ಟಗಿದ್ದವು. ಒಳಗಿನವು ಇರಲೇ ಇಲ್ಲ.

ಮನೆಯ ಗತಿಯೂ ಹೀಗೆಯೇ. ಹಳೆಯ ಮನೆಯನ್ನು ಕೊಳ್ಳುವವರು ಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ, ಬಾವಿಯ ನೀರಿನ ರುಚಿ ನೋಡುತ್ತಾರೆ, ಗೋಡೆಯ ಬಣ್ಣವನ್ನು ಮೆಚ್ಚುತ್ತಾರೆ. ಛಾವಣಿಯನ್ನು ಹೊತ್ತ ತೊಲೆಗಳ ಒಳಗೆ ಏನಿದೆಯೆಂದು ಕೇಳುವವರು ವಿರಳ. ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ಮರದ ಜಂತೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿ ಕಟ್ಟಿದ ಮದರಾಸು ತಾರಸಿಯ ಮನೆಗಳು ಇಂದಿಗೂ ಉಂಟು. ಮಲೆನಾಡು, ಕರಾವಳಿಗಳ ಹೆಂಚಿನ ಮನೆಗಳ ಮಾಡು ನಿಂತಿರುವುದು ಮರದ ಮೇಲೆಯೇ. ಅಂಥ ಮನೆಯಲ್ಲಿ ಒಂದು ತೊಲೆಯ ಪ್ರಶ್ನೆ ಹಣದ ಪ್ರಶ್ನೆ ಮಾತ್ರವಲ್ಲ. ಅದರ ಕೆಳಗೆ ಮಲಗುವವರ ಪ್ರಾಣದ ಪ್ರಶ್ನೆ.

ಹಾಗಾದರೆ ಬೆಳಕಿಗೆ ಬಾರದ ಈ ಜೀವಿಯನ್ನು, ಮರವನ್ನು ಸೀಳದೆ, ಗೋಡೆಯನ್ನು ಒಡೆಯದೆ ಪತ್ತೆಹಚ್ಚುವುದು ಹೇಗೆ? ಇದು ಕೀಟಶಾಸ್ತ್ರದ ಪ್ರಶ್ನೆಯಂತೆ ತೋರಿದರೂ, ಉತ್ತರದ ಬಹುಪಾಲು ಭೌತಶಾಸ್ತ್ರದಲ್ಲಿದೆ.

ಗೆದ್ದಲು ಅಡಗಿರುವುದೇಕೆ?

ಗೆದ್ದಲನ್ನು 'ಬಿಳಿಯ ಇರುವೆ' ಎಂದು ಕರೆಯುವ ವಾಡಿಕೆಯುಂಟು. ಅದು ಇರುವೆಯಲ್ಲ. ಗೆದ್ದಲಿನ ಹತ್ತಿರದ ಬಂಧು ಜಿರಲೆ. ಮೊದಲು ಪ್ರತ್ಯೇಕ ಗಣವೆಂದು ಎಣಿಸಲಾಗಿದ್ದ ಗೆದ್ದಲುಗಳು ಜಿರಲೆಗಳ ಗಣಕ್ಕೇ ಸೇರಬೇಕೆಂಬುದನ್ನು 2007ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ಎತ್ತಿಹಿಡಿಯಿತು. ಭಾರತದ ಗೆದ್ದಲನ್ನು ಕುರಿತು ತಂಜಾವೂರು ಸೀಮೆಯಲ್ಲಿ ಅಭ್ಯಾಸ ಮಾಡಿ ಕೋನಿಗ್ ಎಂಬ ವೈದ್ಯನು 1779ರಲ್ಲಿಯೇ ಬರೆದಿದ್ದನು. ಅಂದಿನಿಂದ ಇಂದಿನವರೆಗೆ ಜಗತ್ತಿನಲ್ಲಿ ಸುಮಾರು 3000 ಜಾತಿಯ ಗೆದ್ದಲುಗಳನ್ನು ಗುರುತಿಸಲಾಗಿದೆ. ಇವುಗಳಲ್ಲಿ ಮನೆಗೆ ಹಾನಿಮಾಡುವವು ಸಣ್ಣದೊಂದು ಪಾಲು ಮಾತ್ರ. ಉಳಿದವು ಕಾಡಿನಲ್ಲಿ ಬಿದ್ದ ಮರ, ತರಗೆಲೆಗಳನ್ನು ಮತ್ತೆ ಮಣ್ಣಾಗಿಸುವ ಉಪಕಾರಿಗಳು. ಹುತ್ತದಲ್ಲಿ ವಾಸಿಸುವ ನಮ್ಮ ಒಡೊಂಟೊಟರ್ಮಿಸ್ ಜಾತಿಗಳು ನೆಲದೊಳಗೆ ಶಿಲೀಂಧ್ರದ ತೋಟವನ್ನೇ ಬೆಳೆಸುತ್ತವೆ. ಮಳೆ ಬಿದ್ದ ಮೇಲೆ ಹುತ್ತದ ಬಳಿ ಏಳುವ, ಜನರು ಆರಿಸಿ ತಂದು ಪಲ್ಯ ಮಾಡುವ ಅಣಬೆಗೆ ಆ ತೋಟವೇ ಮೂಲ.

ಕೆಲಸಗಾರ ಗೆದ್ದಲಿನ ಉದ್ದ ಕೆಲವೇ ಮಿಲಿಮೀಟರು. ಮೈ ಮೆತು, ಚರ್ಮ ತೆಳು. ಇಲ್ಲಿ ಒಂದು ಸರಳ ಲೆಕ್ಕವನ್ನು ನೆನೆಯಬೇಕು. ಒಂದು ಘನದ ಬದಿಯನ್ನು ಹತ್ತನೆಯ ಒಂದು ಪಾಲಿಗೆ ಕುಗ್ಗಿಸಿದರೆ ಅದರ ಹೊರಮೈ ನೂರನೆಯ ಒಂದು ಪಾಲಿಗೆ, ಗಾತ್ರ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ, ಒಳಗಿರುವ ನೀರಿಗೆ ಹೋಲಿಸಿದಾಗ ನೀರು ಆವಿಯಾಗಿ ಹೋಗುವ ಹೊರಮೈ ಹತ್ತರಷ್ಟು ಹೆಚ್ಚಿದಂತಾಯಿತು. ದೊಡ್ಡ ಪಾತ್ರೆಯ ಸಾರಿಗಿಂತ ತಟ್ಟೆಯ ಮೇಲಿನ ಹನಿ ಬೇಗ ಒಣಗುವುದು ಇದೇ ಕಾರಣದಿಂದ. ಗೆದ್ದಲು ಅಂಥ ಒಂದು ಹನಿ. ಬಿಸಿಲು, ಗಾಳಿಗಳಿಗೆ ಒಡ್ಡಿದರೆ ಅದು ಸ್ವಲ್ಪ ಹೊತ್ತಿನಲ್ಲಿಯೇ ಒಣಗಿ ಸಾಯುತ್ತದೆ. ಆದುದರಿಂದ ನೆಲದಿಂದ ಮರದವರೆಗಿನ ದಾರಿಯುದ್ದಕ್ಕೂ ಮಣ್ಣು, ಜೊಲ್ಲು, ಮಲಗಳನ್ನು ಕಲಸಿ ಕೊಳವೆ ಕಟ್ಟಿಕೊಂಡು, ಅದರೊಳಗಿನ ತೇವದ ಗಾಳಿಯಲ್ಲಿಯೇ ಅದು ಓಡಾಡುತ್ತದೆ.

ಗೆದ್ದಲಿನ ಗುಟ್ಟು ಇಲ್ಲಿದೆ. ಅದು ಅಡಗುವುದು ನೀರಿಗಾಗಿ. ಅದನ್ನು ಹಿಡಿದುಕೊಡುವುದೂ ಹೆಚ್ಚಾಗಿ ನೀರೇ. ಮನೆಯ ಗೆದ್ದಲು ಪರೀಕ್ಷೆ ಎಂದರೆ ಬಹುಮಟ್ಟಿಗೆ, ಇರಬಾರದ ಕಡೆ ಇರುವ ನೀರನ್ನು ಹುಡುಕುವ ಕೆಲಸ.

ತೊಲೆ ಮುನ್ಸೂಚನೆ ಕೊಡುವುದಿಲ್ಲವೇಕೆ?

"ತೊಲೆ ಟೊಳ್ಳಾಗಿದ್ದರೆ ಬಾಗಬೇಕಲ್ಲ? ನಮ್ಮ ತೊಲೆ ನೆಟ್ಟಗಿದೆ" ಎಂದು ಹೇಳುವವರುಂಟು. ಈ ವಾದದಲ್ಲಿ ದೊಡ್ಡದೊಂದು ಅಪಾಯ ಅಡಗಿದೆ.

ಒಂದು ತೊಲೆಯ ಅಡ್ಡಕೊಯ್ತ 20 ಸೆಂಟಿಮೀಟರು ಬದಿಯ ಚೌಕವೆಂದು ಭಾವಿಸೋಣ. ಅದರ ನಟ್ಟನಡುವೆ 10 ಸೆಂ.ಮೀ. ಬದಿಯ ಚೌಕದಷ್ಟು ಮರವನ್ನು ಗೆದ್ದಲು ತಿಂದಿದೆ. 400 ಚದರ ಸೆಂ.ಮೀ.ನಲ್ಲಿ 100 ಹೋಯಿತು, ಎಂದರೆ ಕಾಲುಭಾಗ ನಷ್ಟ. ಆದರೆ ಇಂಥ ತೊಲೆ ಬಾಗುವಿಕೆಗೆ ಒಡ್ಡುವ ಪ್ರತಿರೋಧ ಬದಿಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 20ರ ನಾಲ್ಕನೆಯ ಘಾತ 1,60,000, 10ರದು 10,000. ನಷ್ಟ ಹದಿನಾರರಲ್ಲಿ ಒಂದು ಪಾಲು ಮಾತ್ರ! ಟೊಳ್ಳು 15 ಸೆಂ.ಮೀ.ಗೆ ಬೆಳೆದಾಗ ಅರ್ಧಕ್ಕಿಂತ ಹೆಚ್ಚು ಮರ ಹೋಗಿರುತ್ತದೆ. ಪ್ರತಿರೋಧ ಮಾತ್ರ ಇನ್ನೂ ಮೂರರಲ್ಲಿ ಎರಡು ಪಾಲಿನಷ್ಟು ಉಳಿದಿರುತ್ತದೆ.

ಬಾಗುವಾಗ ತೊಲೆಯ ಮೇಲ್ಪದರ ಒತ್ತಲ್ಪಡುತ್ತದೆ, ಕೆಳಪದರ ಎಳೆಯಲ್ಪಡುತ್ತದೆ. ನಡುವಿನ ಮರಕ್ಕೆ ಈ ಒತ್ತಡ ಸೆಳೆತಗಳ ಭಾರ ಕಡಮೆ. ಬಿದಿರು ಟೊಳ್ಳಾಗಿದ್ದೂ ಗಟ್ಟಿಯಾಗಿರುವುದಕ್ಕೆ, ಸೈಕಲ್ಲಿನ ಚೌಕಟ್ಟನ್ನು ಕೊಳವೆಗಳಿಂದ ಮಾಡುವುದಕ್ಕೆ ಇದೇ ಕಾರಣ. ಆದರೆ ಗೆದ್ದಲು ಬಿದಿರಿನ ಶಿಸ್ತನ್ನು ಅರಿಯದು. ಹೊರಚಿಪ್ಪು ತೀರ ತೆಳುವಾದಾಗ, ಇಲ್ಲವೆ ಗೋಡೆಯಲ್ಲಿ ಹೂತ ತುದಿ ಪೊಳ್ಳಾದಾಗ, ಅಲ್ಲಿಯವರೆಗೆ ಬಾಗದಿದ್ದ ತೊಲೆ ಒಮ್ಮೆಲೇ ಜಜ್ಜಿಹೋಗಬಹುದು. ಗೋಡೆಯ ತೇವವನ್ನು ಹೀರುವ, ಮಣ್ಣಿನ ದಾರಿಗೆ ಸಮೀಪವಾದ ಈ ತುದಿಗಳೇ ಗೆದ್ದಲಿನ ಪ್ರವೇಶದ್ವಾರಗಳು ಕೂಡ. ಆದುದರಿಂದ ಪರೀಕ್ಷಕನು ತೊಲೆಯ ನಡುಭಾಗವನ್ನು ನೋಡಿ ತೃಪ್ತನಾಗದೆ, ಏಣಿ ಹಾಕಿ ಅದರ ಎರಡು ತುದಿಗಳನ್ನೂ ನೋಡಬೇಕು.

ಕಣ್ಣಿನ ಕೆಲಸ

ಎಷ್ಟೇ ಉಪಕರಣಗಳು ಬಂದಿದ್ದರೂ ಪರೀಕ್ಷೆಯ ಮೊದಲ ಸಾಧನಗಳು ಪ್ರಖರವಾದ ಟಾರ್ಚು, ಒಂದು ದಬ್ಬಣ ಮತ್ತು ತಾಳ್ಮೆ. ಕೆಲಸವನ್ನು ಮನೆಯ ಹೊರಗಿನಿಂದ ಆರಂಭಿಸುವುದು ಕ್ರಮ. ಪಾಯದ ಸುತ್ತ ನಡೆದು, ನೆಲದಿಂದ ಗೋಡೆಯ ಮೇಲಕ್ಕೆ ಹತ್ತಿದ ಮಣ್ಣಿನ ಕೊಳವೆಗಳಿವೆಯೇ ಎಂದು ನೋಡಬೇಕು. ಗೋಡೆಗೆ ಒರಗಿಸಿದ ಸೌದೆ, ತೆಂಗಿನ ಗರಿ, ಹಳೆಯ ಹಲಗೆಗಳನ್ನು ಸರಿಸಬೇಕು. ಸೋರುವ ನಲ್ಲಿ, ಬಚ್ಚಲಿನ ನೀರು ನಿಲ್ಲುವ ಮೂಲೆ, ನೀರು ಇಳಿಯುವ ಕೊಳವೆಯ ಬುಡ, ಇವು ವಿಶೇಷ ಗಮನಕ್ಕೆ ಅರ್ಹ.

ಒಳಗೆ ಬಂದ ಮೇಲೆ ಹೊಸ್ತಿಲು, ಬಾಗಿಲು ಚೌಕಟ್ಟುಗಳ ಬುಡ, ಅದರಲ್ಲೂ ಬಚ್ಚಲುಮನೆಯ ಚೌಕಟ್ಟು, ಗೋಡೆಯ ಕಪಾಟುಗಳ ಹಿಂಬದಿ, ವಿದ್ಯುತ್ ತಂತಿಗಳು ಹಾಯುವ ರಂಧ್ರಗಳು, ನೆಲದ ಬಿರುಕುಗಳು, ಕೊನೆಗೆ ಅಟ್ಟ ಮತ್ತು ಛಾವಣಿ. ಬಿರುಕು ಒಂದು ಮಿಲಿಮೀಟರಿನಷ್ಟಿದ್ದರೂ ಗೆದ್ದಲಿಗೆ ಅದು ಸಾಕಾದಷ್ಟು ಅಗಲವಾದ ಹಾದಿ. ಬಣ್ಣ ಬಳಿದ ಮರ ಅಲ್ಲಲ್ಲಿ ಉಬ್ಬಿದ್ದರೆ ದಬ್ಬಣದಿಂದ ಮೆಲ್ಲಗೆ ಒತ್ತಿ ನೋಡಬೇಕು. ಗಟ್ಟಿಮರ ತಡೆಯುತ್ತದೆ, ತಿಂದ ಮರದಲ್ಲಿ ಮೊನೆ ಸಲೀಸಾಗಿ ಇಳಿಯುತ್ತದೆ. ಸಾಗುವಾನಿಯಾದರೆ ಭಯವಿಲ್ಲವೆಂಬ ನಂಬಿಕೆ ಅರ್ಧ ನಿಜ. ಅದರ ಚೇಗು ಗೆದ್ದಲಿಗೆ ಸುಲಭದ ತುತ್ತಲ್ಲ. ಹೊರಗಿನ ಬಿಳಿಯ ಮರಕ್ಕೆ ಆ ರಕ್ಷಣೆಯಿಲ್ಲ.

ಸಿಕ್ಕ ಕುರುಹು ಯಾರದೆಂಬುದನ್ನೂ ತಿಳಿಯಬೇಕು. ಮೊದಲ ಮಳೆಗಳ ಬಳಿಕ ಸಂಜೆ ದೀಪಕ್ಕೆ ಮುತ್ತುವ ಈಚಲು ಹುಳುಗಳು ಗೆದ್ದಲಿನ ರೆಕ್ಕೆಯುಳ್ಳ ರೂಪ. ಅವುಗಳ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು. ರೆಕ್ಕೆಯಿರುವೆಯ ಮುಂದಿನ ಜೊತೆ ದೊಡ್ಡದು, ಹಿಂದಿನದು ಚಿಕ್ಕದು. ಇರುವೆಗೆ ಸಣ್ಣ ನಡುವುಂಟು, ಮೀಸೆ ಮೊಣಕೈಯಂತೆ ಮಡಿದಿರುತ್ತದೆ. ಗೆದ್ದಲಿಗೆ ಅಂಥ ನಡುವಿಲ್ಲ, ಮೀಸೆ ಮಣಿ ಪೋಣಿಸಿದಂತೆ ನೇರ. ಮನೆಯೊಳಗಿನ ಕಿಟಕಿಯ ಅಡಿಯಲ್ಲಿ ಉದುರಿದ ರೆಕ್ಕೆಗಳ ರಾಶಿ ಕಂಡರೆ, ಅವು ಹೊರಗಿನಿಂದ ಬಂದವೋ ಗೋಡೆಯಿಂದಲೇ ಹೊರಟವೋ ಎಂದು ವಿಚಾರಿಸಬೇಕು.

ನೆಲದ ಸಂಪರ್ಕವೇ ಬೇಡದ ಒಣಮರದ ಗೆದ್ದಲೂ ಒಂದುಂಟು. ಅದು ಮಣ್ಣಿನ ಕೊಳವೆಗಳನ್ನು ಕಟ್ಟುವುದಿಲ್ಲ. ಮರದ ಸಣ್ಣ ರಂಧ್ರದಿಂದ ಗಸಗಸೆಯಂಥ ಹಿಕ್ಕೆಗಳನ್ನು ಹೊರಗೆ ತಳ್ಳುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಕಾಳಿಗೂ ಆರು ಮುಖಗಳು ಕಾಣುತ್ತವೆ. ಮಲದಲ್ಲಿರುವ ನೀರನ್ನು ಹಿಂಡಿ ಮೈಗೆ ಮರಳಿ ಸೇರಿಸಿಕೊಳ್ಳುವಾಗ ಕರುಳಿನ ಒತ್ತಡದಿಂದ ಮೂಡಿದ ಆಕಾರವಿದು. ಇಲ್ಲಿಯೂ ನೀರಿನದೇ ಕಥೆ. ಕಾಳುಗಳ ಬದಲು ಹಿಟ್ಟಿನಂಥ ನಯವಾದ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ. ಅದಕ್ಕೆ ಚಿಕಿತ್ಸೆಯೇ ಬೇರೆ.

ಮಣ್ಣಿನ ಕೊಳವೆ ಕಂಡಿತು. ಒಳಗೆ ಗೆದ್ದಲು ಈಗಲೂ ಇದೆಯೆ? ಕೊಳವೆಯ ನಡುವೆ ಎರಡು ಬೆರಳಗಲ ಕೆರೆದು, ದಿನಾಂಕ ಬರೆದಿಟ್ಟು, ಕೆಲವು ದಿನಗಳ ಮೇಲೆ ಮತ್ತೆ ನೋಡಬೇಕು. ದುರಸ್ತಿಯಾಗಿದ್ದರೆ ಇದೆ. ಆಗದಿದ್ದರೆ ಇಲ್ಲವೆಂದು ಹೇಳಲಾಗದು. ಅದು ದಾರಿ ಬದಲಿಸಿರಬಹುದು. ಈ ಕಾರಣದಿಂದಲೇ ಕಂಡ ಕೊಳವೆಗಳನ್ನೆಲ್ಲ ಪೊರಕೆಯಿಂದ ಗುಡಿಸಿಹಾಕುವುದು ತಪ್ಪು. ಗೆದ್ದಲು ಹೋಗುವುದಿಲ್ಲ, ಗುರುತು ಹೋಗುತ್ತದೆ.

ತಟ್ಟಿ ಕೇಳುವುದು

ಹಲಸಿನಕಾಯನ್ನು ತಟ್ಟಿ ಬಲಿತಿದೆಯೇ ಎಂದು ಹೇಳುತ್ತೇವೆ, ಮಡಕೆಯನ್ನು ತಟ್ಟಿ ಬಿರುಕನ್ನು ಕಂಡುಹಿಡಿಯುತ್ತೇವೆ. ಆಸ್ಟ್ರಿಯದ ವೈದ್ಯ ಔವೆನ್‌ಬ್ರುಗ್ಗರ್ ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ಸ್ಥಿತಿಯನ್ನು ತಿಳಿಯುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದನು. ಅವನ ತಂದೆ ವಸತಿಗೃಹವನ್ನು ನಡೆಸುತ್ತಿದ್ದವನು. ದ್ರಾಕ್ಷಾರಸದ ಪೀಪಾಯಿಯನ್ನು ತಟ್ಟಿ ಎಲ್ಲಿಯವರೆಗೆ ತುಂಬಿದೆಯೆಂದು ತಿಳಿಯುವ ರೂಢಿಯಿಂದ ಮಗನಿಗೆ ಈ ಯುಕ್ತಿ ಹೊಳೆಯಿತೆಂದು ಹೇಳುತ್ತಾರೆ.

ತೊಲೆಯ ವಿಷಯವೂ ಹಾಗೆಯೇ. ಗಟ್ಟಿಮರವನ್ನು ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟಿದರೆ 'ಟಕ್' ಎಂಬ ಚುಟುಕಾದ ನಾದ ಬರುತ್ತದೆ. ಒಳಗೆ ತಿಂದಿದ್ದರೆ ಹೊರಗಿನ ತೆಳುಪದರ ಡೋಲಿನ ಚರ್ಮದಂತೆ ಕಂಪಿಸುತ್ತದೆ. ಒಂದೇ ಅಳತೆಯ ಹಲಗೆಗಳಲ್ಲಿ ದಪ್ಪ ಕಡಮೆಯಾದಷ್ಟೂ ಬಾಗುವ ಕಂಪನದ ಆವರ್ತಾಂಕ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ, ಕೇಳಿಬರುವುದು 'ಡೊಬ್' ಎಂಬ ತಗ್ಗಿದ ನಾದ. ತೊಲೆಯ ಉದ್ದಕ್ಕೂ ಗೇಣು ಗೇಣಿಗೆ ತಟ್ಟುತ್ತ ಹೋಗಿ, ನಾದ ಬದಲಾಗುವ ಕಡೆ ಸೀಮೆಸುಣ್ಣದ ಗುರುತು ಹಾಕಿದರೆ ಟೊಳ್ಳಿನ ನಕ್ಷೆಯೇ ಸಿದ್ಧವಾಗುತ್ತದೆ.

ಈ ವಿದ್ಯೆ ಗೆದ್ದಲಿಗೂ ತಿಳಿದಿದೆ ಎಂಬುದು ವಿಸ್ಮಯದ ಸಂಗತಿ. ಒಣಮರದ ಗೆದ್ದಲಿನ ಒಂದು ಜಾತಿ, ಮರದಲ್ಲಿ ಏಳುವ ಕಂಪನಗಳಿಂದಲೇ ಆ ಮರದ ತುಂಡು ದೊಡ್ಡದೋ ಚಿಕ್ಕದೋ ಎಂಬುದನ್ನು ಅರಿಯುತ್ತದೆಂದು ಆಸ್ಟ್ರೇಲಿಯದ ಸಂಶೋಧಕರು 2005ರಲ್ಲಿ ತೋರಿಸಿದರು. ಗೂಡಿಗೆ ಅಪಾಯ ಬಂದಾಗ ಕೆಲವು ಜಾತಿಗಳ ಸೈನಿಕ ಗೆದ್ದಲುಗಳು ಸೆಕೆಂಡಿಗೆ ಸುಮಾರು 11 ಬಾರಿ ತಲೆಯನ್ನು ನೆಲಕ್ಕೆ ಬಡಿದು ಎಚ್ಚರಿಕೆಯನ್ನು ಸಾರುತ್ತವೆ. ತುಂಬ ಮುತ್ತಿದ ಮರವನ್ನು ತಟ್ಟಿ ಕಿವಿಗೊಟ್ಟರೆ ಒಮ್ಮೊಮ್ಮೆ ಸಣ್ಣದಾದ ಚಟಪಟ ಸದ್ದು ಕೇಳಿಸುವುದು ಹೀಗೆ.

ತೇವ ಮತ್ತು ಶಾಖದ ಸಾಕ್ಷ್ಯ

ಇನ್ನು ಉಪಕರಣಗಳು. ಮೊದಲನೆಯದು ತೇವಮಾಪಕ. ಒಣಮರ ಒಳ್ಳೆಯ ವಿದ್ಯುತ್ ನಿರೋಧಕ. ತೇವ ಏರಿದಂತೆ ಅದರ ರೋಧ ಕೋಟಿಗಟ್ಟಲೆ ಪಟ್ಟು ಇಳಿಯುತ್ತದೆ. ಎರಡು ಸಣ್ಣ ಮೊನೆಗಳನ್ನು ಮರಕ್ಕೆ ಚುಚ್ಚಿ, ಅವುಗಳ ನಡುವಿನ ರೋಧವನ್ನು ಅಳೆದು, ಅದನ್ನು ತೇವದ ಶೇಕಡಾ ಪ್ರಮಾಣವಾಗಿ ತೋರಿಸುವುದು ಈ ಸಾಧನದ ಕೆಲಸ. ಮನೆಯೊಳಗಿನ ಬೇರೆ ಚೌಕಟ್ಟುಗಳಲ್ಲಿ ಶೇಕಡ 12ರ ಸುಮಾರಿನಲ್ಲಿದ್ದ ಅಳತೆ ಒಂದರ ಬುಡದಲ್ಲಿ ಮಾತ್ರ 20ನ್ನು ದಾಟಿದರೆ, ಅಲ್ಲಿಗೆ ನೀರು ಎಲ್ಲಿಂದ ಬಂತೆಂದು ಕೇಳಲೇಬೇಕು. ಅದು ಸೋರುವ ಕೊಳವೆಯಿಂದ ಬಂದಿರಬಹುದು, ಗೆದ್ದಲು ತಂದಿರಬಹುದು. ಗೋಡೆಯ ಉಪ್ಪಿನಂಶದಿಂದಲೂ ಅಳತೆ ಏರಬಹುದು. ಮಾಪಕ ಸಂಶಯವನ್ನು ಹುಟ್ಟಿಸುತ್ತದೆ, ತೀರ್ಪನ್ನು ಕೊಡುವುದಿಲ್ಲ.

ಎರಡನೆಯದು ಅವಕೆಂಪು ಕ್ಯಾಮರಾ. ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕ ವಿಕಿರಣವನ್ನು ಸೂಸುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗೋಡೆ ಸೂಸುವ ವಿಕಿರಣ ಸುಮಾರು 9.7 ಮೈಕ್ರಾನ್ ಅಲೆಯುದ್ದದಲ್ಲಿ ಗರಿಷ್ಠ. ಕಣ್ಣಿಗೆ ಕಾಣದ ಈ ಕಿರಣಗಳನ್ನು ಗ್ರಹಿಸಿ, ಒಂದು ಡಿಗ್ರಿಯ ಹತ್ತನೆಯ ಒಂದು ಪಾಲಿನಷ್ಟು ವ್ಯತ್ಯಾಸವನ್ನೂ ಬಣ್ಣಗಳಲ್ಲಿ ತೋರಿಸುವ ಕ್ಯಾಮರಾಗಳಿವೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಈ ಶಾಖ ಹೋಗುವುದರಿಂದಲೇ. ಹಾಗೆಯೇ ಗೋಡೆಯ ತೇವದ ಭಾಗ ತಂಪಾದ ಮಚ್ಚೆಯಾಗಿ ಕಾಣುತ್ತದೆ. ದೊಡ್ಡ ಗೂಡು ಗೋಡೆಯ ಮೈಗೆ ಹತ್ತಿರವಿದ್ದರೆ ಅಲ್ಲಿ ಬೆಚ್ಚನೆಯ ಮಚ್ಚೆ ಕಾಣುವುದೂ ಉಂಟು. ಈ ಕ್ಯಾಮರಾ ಗೋಡೆಯೊಳಗನ್ನು ನೋಡುತ್ತದೆಂದು ಹಲವರು ತಿಳಿದಿದ್ದಾರೆ. ಅದು ನೋಡುವುದು ಗೋಡೆಯ ಮೈಯನ್ನು ಮಾತ್ರ. ಬಿಸಿಲು ಬಿದ್ದ ಗೋಡೆ, ಬಿಸಿನೀರಿನ ಕೊಳವೆ ಇವುಗಳಿಂದ ಅದು ಸುಲಭವಾಗಿ ಮೋಸಹೋಗುತ್ತದೆ.

ಕೇಳದ ಧ್ವನಿ, ಕಾಣದ ಚಲನೆ

ಗೆದ್ದಲು ಮರದ ಎಳೆಯನ್ನು ಕಡಿದು ಮುರಿದಾಗ ಅದರಲ್ಲಿ ಅಡಗಿದ್ದ ಸ್ಥಿತಿಸ್ಥಾಪಕ ಶಕ್ತಿ ಕಿರುಕಂಪನವಾಗಿ ಬಿಡುಗಡೆಯಾಗುತ್ತದೆ. ನಮ್ಮ ಕಿವಿಯ ಮಿತಿ ಸೆಕೆಂಡಿಗೆ 20,000 ಕಂಪನಗಳು. ಮರಕ್ಕೆ ಒತ್ತಿ ಹಿಡಿದ ಸಂವೇದಕದಿಂದ ಇದಕ್ಕಿಂತ ಮೇಲಿನ, 60,000ರ ಸುಮಾರಿನ ಕಂಪನಗಳನ್ನು ಹಿಡಿದು ಎಣಿಸುವ ಸಾಧನಗಳಿವೆ. ಅಷ್ಟು ಮೇಲಿನ ಆವರ್ತಾಂಕವನ್ನು ಆರಿಸುವುದೇಕೆ? ಮಾತು, ಹೆಜ್ಜೆ, ರಸ್ತೆಯ ವಾಹನಗಳ ಸದ್ದು ಹೆಚ್ಚಾಗಿ ಕೆಳಗಿನ ಆವರ್ತಾಂಕಗಳಲ್ಲಿರುವುದರಿಂದ, ಮೇಲೆ ಗೆದ್ದಲಿನ ಸದ್ದು ಬೇರೆಯಾಗಿ ದೊರೆಯುತ್ತದೆ. ಆದರೆ ಇಂಥ ಕಂಪನ ಮರದಲ್ಲಿ ದೂರ ಸಾಗಲಾರದು. ಎಳೆಗಳಿಗೆ ಅಡ್ಡವಾಗಿ ಸಾಗುವಾಗಲಂತೂ ಬಲು ಬೇಗ ಕುಗ್ಗುತ್ತದೆ. ಸಂವೇದಕವನ್ನು ಅಲ್ಲಲ್ಲಿ ಇಟ್ಟು ಮತ್ತೆ ಮತ್ತೆ ಕೇಳಬೇಕಾಗುತ್ತದೆ.

ಇನ್ನೊಂದು ಸಾಧನ ಗೋಡೆಯೊಳಕ್ಕೆ ದುರ್ಬಲವಾದ ಮೈಕ್ರೋವೇವ್ ತರಂಗಗಳನ್ನು ಕಳುಹಿಸುತ್ತದೆ. ನಿಶ್ಚಲ ವಸ್ತುವಿನಿಂದ ಮರಳಿದ ತರಂಗ ಬದಲಾಗದೆ ಇರುತ್ತದೆ. ಚಲಿಸುವ ವಸ್ತುವಿನಿಂದ ಮರಳಿದ್ದು ಸ್ವಲ್ಪ ಬದಲಾಗುತ್ತದೆ. ವಿಮಾನಗಳ ವೇಗವನ್ನು ಅಳೆಯುವ ತತ್ತ್ವವೇ ಇಲ್ಲಿ ಕೀಟಗಳ ಓಡಾಟವನ್ನು ಹಿಡಿಯುತ್ತದೆ. ಗಾರೆಗೋಡೆಯ ಹಿಂದೆ ಏನೋ ಚಲಿಸುತ್ತಿದೆ ಎಂದಷ್ಟೇ ಅದು ಹೇಳಬಲ್ಲದು. ಆ 'ಏನೋ' ಗೆದ್ದಲೆಂದೇ ಹೇಳಲಾರದು.

ವರದಿಯನ್ನು ಓದುವುದು

ಹೀಗೆ ಪ್ರತಿಯೊಂದು ಕ್ರಮವೂ ಒಂದೊಂದು ಗುಣವನ್ನು ಅಳೆಯುತ್ತದೆ: ನಾದ, ತೇವ, ಉಷ್ಣತೆ, ಚಲನೆ. ಗೆದ್ದಲನ್ನೇ ನೇರವಾಗಿ ಅಳೆಯುವ ಯಂತ್ರ ಇವುಗಳಲ್ಲಿ ಯಾವುದೂ ಅಲ್ಲ. ಟೊಳ್ಳುನಾದ ಹಳೆಯ ಹಾನಿಯದಾಗಿರಬಹುದು, ತೇವ ಸೋರಿಕೆಯದಾಗಿರಬಹುದು. ಒಂದೇ ಸ್ಥಳದಲ್ಲಿ ಎರಡು ಮೂರು ಸ್ವತಂತ್ರ ಸಾಕ್ಷ್ಯಗಳು ಕೂಡಿದಾಗ ಮಾತ್ರ ತೀರ್ಮಾನಕ್ಕೆ ಬಲ ಬರುತ್ತದೆ. "ಗೆದ್ದಲು ಕಾಣಲಿಲ್ಲ" ಎಂಬ ಮಾತಿಗೂ "ಗೆದ್ದಲು ಇಲ್ಲ" ಎಂಬ ಮಾತಿಗೂ ಇರುವ ಅಂತರವನ್ನು ಓದುಗರು ಮರೆಯಬಾರದು. ಒಳ್ಳೆಯ ವರದಿಯಲ್ಲಿ ಮನೆಯ ನಕ್ಷೆ, ಗುರುತುಗಳು ಕಂಡ ಸ್ಥಳಗಳು, ಇವುಗಳ ಜೊತೆಗೆ, ಯಾವ ಭಾಗಗಳನ್ನು ನೋಡಲು ಸಾಧ್ಯವಾಗಲಿಲ್ಲ ಎಂಬುದೂ ಸ್ಪಷ್ಟವಾಗಿರಬೇಕು.

ಇಷ್ಟು ಎಚ್ಚರಿಕೆ ಏಕೆಂದರೆ, ಪರೀಕ್ಷೆಯ ಬೆನ್ನಿಗೇ ವಿಷದ ಪ್ರಶ್ನೆ ಬರುತ್ತದೆ. ಒಂದು ಕಾಲಕ್ಕೆ ಪಾಯದ ಮಣ್ಣಿಗೆ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳನ್ನು ಧಾರಾಳವಾಗಿ ಹಾಕುತ್ತಿದ್ದರು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದೇ ಅವುಗಳ ಹಿರಿಮೆಯಾಗಿತ್ತು. ಅದೇ ಗುಣದಿಂದ ಅವು ಜೀವಿಗಳ ಕೊಬ್ಬಿನಲ್ಲಿ ಶೇಖರವಾಗತೊಡಗಿದವು. 2001ರ ಸ್ಟಾಕ್‌ಹೋಮ್ ಒಪ್ಪಂದ ಮೊದಲು ಹೆಸರಿಸಿದ ಹನ್ನೆರಡು ಮಾಲಿನ್ಯಕಾರಕಗಳಲ್ಲಿ ಈ ಮೂರೂ ಇದ್ದವು. ಇಂದಿನ ಔಷಧಗಳು ಬೇರೆ. ಆದರೂ ಅವು ವಿಷಗಳೇ. ಹಿತ್ತಿಲಿನಲ್ಲಿ ಬಾವಿಯಿರುವ ಮನೆಯಲ್ಲಿ ಸಂಶಯದ ಮೇಲೆಯೇ ನೆಲಕ್ಕೆ ವಿಷ ಸುರಿಯುವುದು ವಿವೇಕವಲ್ಲ. ಗೆದ್ದಲಿನಿಂದ ಕಟ್ಟಡಗಳ ರಕ್ಷಣೆಗೆಂದು ಇರುವ ಐಎಸ್ 6313 ಎಂಬ ಭಾರತೀಯ ಮಾನಕದ ಮೂರನೆಯ ಭಾಗ ಈಗಾಗಲೇ ಕಟ್ಟಿರುವ ಮನೆಗಳ ಚಿಕಿತ್ಸೆಗೆ ಮೀಸಲು. ಚಿಕಿತ್ಸೆ ಮಾಡುವವರು ಅದನ್ನು ಅನುಸರಿಸುವರೇ ಎಂದು ಕೇಳುವ ಹಕ್ಕು ಮನೆಯವರಿಗಿದೆ.

ವಿಷವಿಲ್ಲದೆಯೂ ಮಾಡಬಹುದಾದ ಕೆಲಸಗಳು ಅನೇಕ. ಸೋರಿಕೆಯನ್ನು ನಿಲ್ಲಿಸುವುದು, ಮಳೆನೀರು ಪಾಯದಿಂದ ದೂರ ಹರಿಯುವಂತೆ ಮಾಡುವುದು, ಮರ ಮಣ್ಣನ್ನು ಮುಟ್ಟದಂತೆ ನೋಡಿಕೊಳ್ಳುವುದು, ಸೌದೆಯನ್ನು ಗೋಡೆಯಿಂದ ದೂರ ಒಟ್ಟುವುದು, ಬಿರುಕುಗಳನ್ನು ಮುಚ್ಚುವುದು. ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಮಳೆಗಾಲ ಮುಗಿದೊಡನೆ ಒಂದು ಭಾನುವಾರ ಟಾರ್ಚು, ದಬ್ಬಣ, ಸೀಮೆಸುಣ್ಣಗಳನ್ನು ಹಿಡಿದು ತಮ್ಮ ಮನೆಯನ್ನು ಒಮ್ಮೆ ಸುತ್ತಿಬರಲಿ. ಪ್ರತಿ ಚೌಕಟ್ಟಿನ ಬುಡವನ್ನು ತಟ್ಟಿ, ಕೇಳಿದ್ದನ್ನು, ಕಂಡದ್ದನ್ನು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಲಿ. ಮರುವರ್ಷ ಅದೇ ಜಾಗವನ್ನು ತಟ್ಟಿ ಹೋಲಿಸಿದಾಗ, ಈ ವರ್ಷದ ಬರಹವೇ ಅವರ ಅತ್ಯಂತ ನಂಬಿಕೆಯ ಉಪಕರಣವಾಗುವುದು.